ಕಂಪ್ಯೂಟರಿಗೆ ಹತ್ತು ಬುದ್ಧಿಮಾತು

ಕಂಪ್ಯೂಟರ್ ಕಲಿಯಬೇಕೆಂದು ನನ್ನ ಅಂಗಡಿಗೆ ಬರುವವರು ವರ್ಷಕ್ಕೆ ಇಬ್ಬರು. ಕಂಪ್ಯೂಟರಿಗೇ ಬುದ್ಧಿ ಹೇಳಿ ಹೋಗುವವರು ದಿನಕ್ಕೆ ಇಬ್ಬರು. ಇಳಕಲ್ಲಿನ ಬಸ್ ನಿಲ್ದಾಣದ ಹತ್ತಿರ ಲಗ್ನಪತ್ರಿಕೆ, ಬ್ಯಾನರು, ಅರ್ಜಿ, ಪಾಸ್‌ಪೋರ್ಟ್ ಅಳತೆಯ ಫೋಟೊ ಮಾಡಿಕೊಡುತ್ತ ಕುಳಿತು ನನಗೆ ಹದಿನಾರು ವರ್ಷವಾಯಿತು. ಮೊದಮೊದಲು ಸಿಟ್ಟು ಬರುತ್ತಿತ್ತು. ಹೋದ ವರ್ಷದಿಂದ ಬರೆದುಕೊಳ್ಳತೊಡಗಿದ್ದೇನೆ. ಅದಕ್ಕೆ ಕಾರಣವಿದೆ.

ನನ್ನ ಅಂಗಡಿಯಲ್ಲಿರುವುದು ಪುಕ್ಕಟೆ ಸಿಗುವ ಒಂದು ಆಪರೇಟಿಂಗ್ ಸಿಸ್ಟಮ್. ಎಲ್ಲೆಲ್ಲೋ ಕುಳಿತ ಒಂದಷ್ಟು ಉತ್ಸಾಹಿಗಳು ಸಂಬಳವಿಲ್ಲದೆ ಸೇರಿ ಅದನ್ನು ಕಟ್ಟುತ್ತಾರೆ. ಅದರ ಪರದೆಯ ಮೇಲೆ ಬರುವ ಮಾತುಗಳನ್ನೆಲ್ಲ ಮೂರು ವರ್ಷ ಕುಳಿತು ಕನ್ನಡಕ್ಕೆ ತಂದವನು ನಾನು. ಅವರ ಕನ್ನಡ ವಿಭಾಗದ ಮುಖ್ಯಸ್ಥ ನಾನು, ಸದಸ್ಯ ನಾನು, ತಪ್ಪು ಮಾಡುವವನು ನಾನು, ಆ ತಪ್ಪಿಗೆ ನೋಟೀಸು ಕೊಡುವವನೂ ನಾನು.

ಹೋದ ವರ್ಷ ಅವರಿಂದ ಒಂದು ಪತ್ರ ಬಂತು. ಹೊಸ ಆವೃತ್ತಿಯಲ್ಲಿ ಚಿತ್ರ, ಬಣ್ಣ, ಪರದೆಯ ನೋಟ ಎಲ್ಲವನ್ನೂ ಸುಧಾರಿಸುತ್ತೇವೆ, ಪ್ರತಿ ಭಾಷೆಯವರೂ ಸಾಮಾನ್ಯ ಬಳಕೆದಾರರಿಂದ ಹತ್ತು ಸಲಹೆಗಳನ್ನು ಒಂದು ತಿಂಗಳೊಳಗೆ ಕಳಿಸಬೇಕು ಎಂದಿದ್ದರು. ಕಳಿಸದ ಭಾಷೆಗೆ ಬಳಕೆದಾರರೇ ಇಲ್ಲವೆಂದು ತಿಳಿದು ಅದನ್ನು ಪಟ್ಟಿಯಿಂದ ತೆಗೆಯಲಾಗುವುದು. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ನಿಯಮವಿತ್ತು. ಬಳಕೆದಾರರ ಮಾತನ್ನು ತಿದ್ದಬಾರದು, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು.

ಹತ್ತು ಸಲಹೆ ಸಿಗದಿದ್ದರೆ ನನ್ನ ಮೂರು ವರ್ಷದ ದುಡಿಮೆ ನೀರುಪಾಲು. ನಮ್ಮ ಕಡೆ ಸಲಹೆಗೇನು ಬರ ಎಂದು ಧೈರ್ಯ ಮಾಡಿ ಒಂದು ನೋಟ್‌ಬುಕ್ ತಂದಿಟ್ಟುಕೊಂಡೆ.

ಬಿತ್ತದ ಹೊಲ

ಮೊದಲ ಸಲಹೆ ಕೊಟ್ಟವರು ಗುಡೂರಿನ ಒಬ್ಬ ರೈತರು. ಬೆಳೆ ವಿಮೆಯ ಅರ್ಜಿ ತುಂಬಿಸಲು ಬಂದಿದ್ದರು. ಕಂಪ್ಯೂಟರ್ ಚಾಲೂ ಆದ ಕೂಡಲೇ ಪರದೆಯ ಮೇಲೆ ಒಂದು ಹಸಿರು ಬಯಲು ಕಾಣುತ್ತದೆ, ಅದು ಸಿಸ್ಟಮ್ ಜೊತೆಗೇ ಬಂದ ಚಿತ್ರ. ಅವರು ಅದನ್ನು ಬಹಳ ಹೊತ್ತು ನೋಡಿ ಇದು ಯಾರ ಹೊಲ ಎಂದು ಕೇಳಿದರು. ಯಾರದ್ದೂ ಅಲ್ಲ, ಬರೀ ಚಿತ್ರ ಎಂದೆ.

"ಎರಡು ವರ್ಷ ಆತು ನಾ ನೋಡಾಕತ್ತು. ಬರೇ ಹುಲ್ಲು. ಒಂದು ಆಡಾದ್ರೂ ಮೇಯಾಕ ಬಿಟ್ಟಾರೇನು ಅಂದ್ರ ಅದೂ ಇಲ್ಲ" ಎಂದರು.

ಹಾಗಾದರೆ ಏನು ಮಾಡಬೇಕು ಹೇಳಿ, ಬರೆದು ಕಳಿಸುತ್ತೇನೆ ಎಂದೆ. ಅವರು ಅರ್ಜಿಯನ್ನು ಬದಿಗಿಟ್ಟು ಸರಿಯಾಗಿ ಕುಳಿತರು. ಮುಂಗಾರಿಗೆ ಹೆಸರುಕಾಳಿನ ಬೆಳೆ ಕಾಣಬೇಕು, ಹಿಂಗಾರಿಗೆ ಬಿಳಿಜೋಳ ಕಾಣಬೇಕು, ನಡುವೆ ಹೊಲ ಖಾಲಿ ಇದ್ದಾಗ ಚೆನ್ನಾಗಿ ಕುಂಟೆ ಹೊಡೆದು ಹರಗಿದ್ದು ಕಾಣಬೇಕು. ಬದುವಿನ ಮೇಲೆ ಒಂದು ಬೇವಿನ ಗಿಡ ಇದ್ದರೆ ಒಳ್ಳೆಯದು, ಒತ್ತಾಯವಿಲ್ಲ. ನಾನು ಹೇಳಿದ ಹಾಗೆಯೇ ಬರೆದುಕೊಂಡೆ.

ಹತ್ತು ದಿನ ಬಿಟ್ಟು ಅರ್ಜಿಯ ಪಾವತಿ ಚೀಟಿ ಒಯ್ಯಲು ಬಂದರು. ಪರದೆಯ ಮೇಲೆ ಅದೇ ಹುಲ್ಲು. ನನ್ನ ಸಲಹೆ ಕಳಿಸಿದಿರಾ ಎಂದು ಕೇಳಿದರು. ಹತ್ತೂ ಕೂಡಲಿ, ಒಟ್ಟಿಗೇ ಕಳಿಸುತ್ತೇನೆ ಎಂದೆ. ಬಾಗಿಲಿಗೆ ಹೋಗಿ ಮುಗಿಲು ನೋಡಿ ಬಂದು ನಿಂತರು.

"ಹದ ಹೋದಮ್ಯಾಲೆ ಬಿತ್ತಿ ಏನ್ ಮಾಡ್ತಾರ ಅವರು."

ಸೆರಗು

ಶಿರೂರಿನ ಅಜ್ಜಿಯೊಬ್ಬರು ಇಲ್ಲಿ ಮಗಳ ಮನೆಗೆ ಬಂದಿದ್ದರು. ಯಾವುದೋ ಅರ್ಜಿಗೆ ಫೋಟೊ ಬೇಕಿತ್ತು, ಹಿಂದೆ ಬಿಳಿ ಬಣ್ಣ ಇರಬೇಕೆಂದು ನಿಯಮ. ನನ್ನ ಹತ್ತಿರ ಹಿನ್ನೆಲೆಯನ್ನು ತಾನೇ ಗುರುತಿಸಿ ತೆಗೆದುಹಾಕುವ ಒಂದು ಸೌಲಭ್ಯವಿದೆ. ಗಿರಾಕಿಗಳ ಎದುರು ಅದನ್ನು ಒತ್ತಿ ತೋರಿಸುವುದು ನನಗೆ ಸ್ವಲ್ಪ ಶೋಕಿ.

ಗೋಡೆಗೆ ನಾನು ಕಟ್ಟಿದ್ದ ಬಟ್ಟೆ ಕೆಂಪು, ಅಜ್ಜಿ ತಲೆಯ ಮೇಲೆ ಹೊದ್ದ ಸೆರಗೂ ಕೆಂಪು. ಕಂಪ್ಯೂಟರ್ ಎರಡನ್ನೂ ಒಂದೇ ಎಂದು ತಿಳಿದು ಒಟ್ಟಿಗೆ ತೆಗೆದುಹಾಕಿತು. ಪರದೆಯ ಮೇಲೆ ತನ್ನ ಬರಿದಲೆ ಕಂಡ ಅಜ್ಜಿ ಥಟ್ಟನೆ ತಲೆ ಮುಟ್ಟಿ ನೋಡಿಕೊಂಡರು. ಸೆರಗು ಇದ್ದಲ್ಲೇ ಇತ್ತು. ಆದರೂ ಇನ್ನೊಂದು ಗೇಣು ಮುಂದಕ್ಕೆ ಎಳೆದುಕೊಂಡರು.

"ಇದಕ್ಕ ಕಲಿಸಿದಾವ್ರು ಯಾರು ತಮ್ಮಾ? ಅವರ ಮನ್ಯಾಗ ಹೆಣ್ಣಮಕ್ಕಳು ಅದಾರೋ ಇಲ್ಲೋ?"

ನಾನು ಲಗುಬಗೆಯಿಂದ ಹಿಂದಿನ ಸ್ಥಿತಿಗೆ ತಂದೆ. ಸೆರಗು ಮರಳಿ ಬಂತು. ಕಲಿಸಿದವರಿಗೆ ಬರೆದು ತಿಳಿಸುತ್ತೇನೆ ಎಂದು ಸಮಾಧಾನ ಹೇಳಿದೆ. ಏನನ್ನಾದರೂ ತೆಗೆಯುವ ಮೊದಲು ಒಂದು ಮಾತು ಕೇಳಬೇಕು ಎಂದು ಬರೆ ಎಂದರು ಅಜ್ಜಿ. ಬರೆದೆ. ಹತ್ತರಲ್ಲಿ ಇದೊಂದು ಮಾತ್ರ ನಿಜವಾಗಿ ಉಪಯೋಗದ ಸಲಹೆ ಎಂದು ನನಗೆ ಈಗಲೂ ಅನಿಸುತ್ತದೆ.

ಕೈಯಿಂದಲೇ ಹಿನ್ನೆಲೆ ಕತ್ತರಿಸಿ ಫೋಟೊ ಮುಗಿಸಿದೆ. ಹೊರಡುವಾಗ ಅಜ್ಜಿಗೆ ಸೀರೆ ಸರಿಮಾಡಿಕೊಳ್ಳಬೇಕಿತ್ತು. ಆ ಮಷೀನಿನ ಮುಖ ಗೋಡೆಯ ಕಡೆ ತಿರುಗಿಸು ಎಂದರು. ತಿರುಗಿಸಿದೆ. ನಾನೂ ಅಲ್ಲೇ ಕುಳಿತಿದ್ದೆ. ನನ್ನ ಮೇಲೆ ಅವರಿಗೆ ಅನುಮಾನವಿರಲಿಲ್ಲ.

ಯಾರ ಮುಖ ದೊಡ್ಡದು

ಹುನಗುಂದದ ಕಡೆಯ ಒಂದು ಯುವಕ ಸಂಘದವರು ಬ್ಯಾನರ್ ಮಾಡಿಸಲು ಬಂದರು. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ನಾಲ್ವರೂ ಒಂದೇ ಗಾಡಿಯ ಮೇಲೆ. ನಾಲ್ಕು ಮುಖಗಳೂ ಬ್ಯಾನರಿನಲ್ಲಿ ಇರಬೇಕು. ಅಧ್ಯಕ್ಷರ ಮುಖ ಸ್ವಲ್ಪ ದೊಡ್ಡದು ಮಾಡಿದೆ. ಉಪಾಧ್ಯಕ್ಷರು ಹೊರಗೆ ಹೋಗಿ ಗಾಡಿಯ ಮೇಲೆ ಕುಳಿತರು. ಅವರ ಮುಖ ಹಿಗ್ಗಿಸಿದ ಮೇಲೆ ಒಳಗೆ ಬಂದರು. ಆಗ ಕಾರ್ಯದರ್ಶಿ ನನ್ನ ಟೇಬಲ್ಲಿನ ಸ್ಕೇಲ್ ತೆಗೆದುಕೊಂಡು ಪರದೆಗೆ ಹಿಡಿದು ತನ್ನ ಮುಖ ಅಳೆದರು. ಮೀಸೆಯನ್ನೂ ಬಿಡದೆ ಅಳೆದರು.

ಮಧ್ಯಾಹ್ನದ ಹೊತ್ತಿಗೆ ಖಜಾಂಚಿಗೆ ಒಂದು ಉಪಾಯ ಹೊಳೆಯಿತು. ಯಾರು ಬ್ಯಾನರ್ ನೋಡುತ್ತಾರೋ ಅವರಿಗೆ ಅವರದೇ ಮುಖ ದೊಡ್ಡದಾಗಿ ಕಾಣಬೇಕು, ಅಂಥದೊಂದು ಬಟನ್ ಕೊಡಲು ಹೇಳಿ ಎಂದರು. ಬೆಳಿಗ್ಗೆಯಿಂದ ಮೊದಲ ಸಲ ನಾಲ್ವರೂ ಒಂದೇ ಮಾತಿಗೆ ಗೋಣು ಹಾಕಿದರು. ಬರೀ ಬಾಯಿಮಾತು ಬೇಡವೆಂದು ಸಂಘದ ಲೆಟರ್‌ಹೆಡ್ ಮೇಲೆ ಠರಾವು ಬರೆಸಿ ಸಿಕ್ಕಾ ಹೊಡೆದರು. ಯಾರ ಸಹಿ ಮೇಲಿರಬೇಕು ಎಂಬುದಕ್ಕೆ ಮತ್ತೊಂದು ತಾಸು ಹಿಡಿಯಿತು.

ಬೆರಳು

ಬಾದಾಮಿಯ ಒಬ್ಬ ನಿವೃತ್ತ ಮಾಸ್ತರರು ಮನೆಯ ವಾಸ್ತುಶಾಂತಿಯ ಪತ್ರಿಕೆ ಮಾಡಿಸಲು ಬಂದಿದ್ದರು. ಪತ್ರಿಕೆಯ ತುದಿಯಲ್ಲಿ ಅವರ ಮಠದ ಸ್ವಾಮಿಗಳಾದ ಅಜ್ಜಾರ ಫೋಟೊ ಇತ್ತು. ಮೌಸಿನ ಬಾಣ ಫೋಟೊದ ಮೇಲೆ ಹೋದಾಗ ಬೆರಳು ಚಾಚಿದ ಕೈಯಾಯಿತು. ಅದು ಹಾಗೆ ಆಗುವುದೇ ಪದ್ಧತಿ. ಮಾಸ್ತರರು ನನ್ನ ಮೊಣಕೈ ಹಿಡಿದು ತಡೆದರು. ಅಜ್ಜಾರಿಗೆ ಬೆರಳು ಮಾಡಿ ತೋರಿಸುವುದು ಸರಿಯಲ್ಲ, ಹಿರಿಯರ ಫೋಟೊ ಬಂದಾಗ ಆ ಕೈ ತಾನಾಗಿ ಮುಗಿಯಬೇಕು, ಹಾಗೆಂದು ಬರೆಯಿರಿ ಎಂದರು.

ಕೈ ಮುಗಿದ ಮೇಲೆ ಒತ್ತುವುದು ಹೇಗೆ ಎಂದು ನಾನು ತಾಂತ್ರಿಕವಾಗಿ ಕೇಳಿದೆ.

"ಕೈ ಮುಗದಮ್ಯಾಲೆ ಒತ್ತೂದು ಏನ್ ಉಳೀತೈತಿ?" ಎಂದರು ಮಾಸ್ತರರು.

ಕಟ್ಟೆಯ ಮೇಲೆ

ಇನ್ನೂ ಐದು ಸಲಹೆಗಳು ಹೀಗೇ ಬಂದವು. ಕೆಂಪು ಕಲ್ಲಿನ ಕಾರ್ಖಾನೆಯವರು ಪರದೆಗೂ ಪಾಲಿಶ್ ಬೇಕೆಂದರು, ಒಬ್ಬ ಅತ್ತೆ ತನ್ನ ಸೊಸೆಗೆ ಕಾಣದಂಥ ಬಣ್ಣ ಬೇಕೆಂದರು, ಉಳಿದವನ್ನು ಹೇಳುವುದು ಬೇಡ. ಒಂಬತ್ತಾದವು. ಹತ್ತನೆಯದು ಬರಲೊಲ್ಲದು. ಕೊನೆಯ ದಿನ ಬಂತು. ನಾನೇ ಒಂದು ಸಲಹೆ ಹುಟ್ಟಿಸಿ ಬರೆಯೋಣ ಎನಿಸಿತು. ಮೂರು ವರ್ಷ ಪ್ರಾಮಾಣಿಕವಾಗಿ ಮಾಡಿದ ಕೆಲಸಕ್ಕೆ ಕೊನೆಯಲ್ಲಿ ಸುಳ್ಳು ಸೇರಿಸಲು ಮನಸ್ಸು ಬರಲಿಲ್ಲ.

ಹನ್ನೊಂದಕ್ಕೆ ಒಬ್ಬ ಅಕ್ಕ ಬಂದರು. ಮನೆಯಲ್ಲಿ ಮಗ್ಗ ಇಟ್ಟು ಸೀರೆ ನೇಯಿಸುವವರು. ಹೊರಗಿನ ಊರಿನ ವ್ಯಾಪಾರಿಗಳಿಗೆ ಕಳಿಸಲು ತಮ್ಮ ಸೀರೆಗಳ ಫೋಟೊ ಹಾಕಿ ಒಂದು ಪಟ್ಟಿ ಮಾಡಿಸಬೇಕಿತ್ತು. ಒಂದು ದಾಳಿಂಬೆ ಬಣ್ಣದ ಸೀರೆಯ ಫೋಟೊ ತೆಗೆದು ಪರದೆಯ ಮೇಲೆ ತೋರಿಸಿದೆ. ಬಣ್ಣ ಸರಿ ಇದೆಯೇ ಎಂದು ಕೇಳಿದೆ.

"ಲೈಟಿನ ಬೆಳಕಿನ್ಯಾಗ ಬಣ್ಣ ನೋಡಿ ಯಾರು ಹೇಳ್ತಾರ್ರಿ ಅಣ್ಣಾರ. ಹೊರಗ ಹಿಡೀರಿ" ಎಂದರು.

ಸೀರೆಯನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡದೆ ಇಳಕಲ್ಲಿನಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ನಾನೂ ಇದೇ ಊರಿನವನು, ಆ ಮಾತಿಗೆ ಎದುರಾಡಲು ನನಗೂ ಹೊಳೆಯಲಿಲ್ಲ. ಉದ್ದನೆಯ ವೈರ್ ಜೋಡಿಸಿ ಮಾನಿಟರನ್ನು ಎತ್ತಿ ಅಂಗಡಿಯ ಕಟ್ಟೆಯ ಮೇಲೆ ತಂದಿಟ್ಟೆ. ಅಕ್ಕ ಪಕ್ಕದಲ್ಲಿ ಸೀರೆ ಬಿಚ್ಚಿ ಹಿಡಿದರು. ಬಿಸಿಲಿಗೆ ಸೀರೆ ಕೆಂಡದ ಹಾಗೆ ಹೊಳೆಯಿತು. ಪರದೆಯ ಮೇಲಿನ ಸೀರೆ ಬೂದಿಯ ಹಾಗೆ ಬೆಳ್ಳಗಾಗಿ ಕಾಣದೇ ಹೋಯಿತು.

"ನೋಡಿದ್ರಿಲ್ಲೋ? ಬಿಸಲಿಗೆ ತರೂದಕ್ಕ ಹಾರಿ ಹೋತು. ಇದು ಕಚ್ಚಾ ಬಣ್ಣ. ಪಕ್ಕಾ ಬಣ್ಣ ಹಾಕಾಕ ಹೇಳ್ರಿ ಅವರಿಗೆ."

ಹತ್ತನೆಯ ಸಲಹೆ ಎಂದು ಬರೆದು, ಹತ್ತನ್ನೂ ಇಂಗ್ಲಿಷಿಗೆ ತಿರುಗಿಸಿ, ಕನ್ನಡವನ್ನೂ ಜೊತೆಗಿಟ್ಟು ಕಳಿಸಿದೆ.

ಹದಿನೈದು ದಿನಕ್ಕೆ ಉತ್ತರ ಬಂತು. ಒಂಬತ್ತು ಸಲಹೆಗಳಿಗೆ ಧನ್ಯವಾದ ಹೇಳಿದ್ದರು. ಹತ್ತನೆಯದರ ಮೇಲೆ ಮಾತ್ರ ಹನ್ನೊಂದು ಮಂದಿ ಚರ್ಚೆ ಮಾಡಿದ್ದರು. ಪರದೆಯನ್ನು ಬಿಸಿಲಿನಲ್ಲಿ ಇಟ್ಟು ಪರೀಕ್ಷಿಸಬೇಕೆಂದು ತಮಗೆ ಇಷ್ಟು ವರ್ಷ ಹೊಳೆದಿರಲಿಲ್ಲ ಎಂದು ಒಬ್ಬರು ಪಶ್ಚಾತ್ತಾಪ ಪಟ್ಟಿದ್ದರು. ಬಿಸಿಲಿನಲ್ಲಿ ಬಣ್ಣ ಗಾಢವಾಗುವ ಹಾಗೆ ಮಾಡಿ ಒಂದು ಪರೀಕ್ಷಾ ಆವೃತ್ತಿ ಕಳಿಸಿದ್ದರು. ಸಲಹೆ ಕೊಟ್ಟವರೇ, ಅದೇ ಜಾಗದಲ್ಲಿ, ತಮ್ಮ ರೀತಿಯಲ್ಲಿ ಪರೀಕ್ಷಿಸಿ ವರದಿ ಕೊಡಬೇಕು. ಆ ವರದಿ ನೋಡಿಯೇ ಕನ್ನಡದ ತೀರ್ಮಾನ.

ಅಕ್ಕನಿಗೆ ಹೇಳಿ ಕಳಿಸಿದೆ. ಅವರು ನೆತ್ತಿಯ ಮೇಲೆ ಸೂರ್ಯ ಬಂದಾಗ ಸರಿಯಾಗಿ ಬಂದರು. ಮಾನಿಟರ್ ಮತ್ತೆ ಕಟ್ಟೆಗೆ ಹೋಯಿತು. ಅಕ್ಕ ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು, ಸ್ವಲ್ಪ ದೂರ ಹೋಗಿ ನೋಡಿದರು.

"ಹೂಂ. ಈಗ ನಿಂತೈತಿ" ಎಂದರು.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಬಳಕೆದಾರರಿಗೆ ತೃಪ್ತಿಯಾಗಿದೆ ಎಂದು ಬರೆಯಲು ಪೆನ್ನು ತೆಗೆದೆ. ತಡೆಯಿರಿ, ಅರ್ಧ ಪರೀಕ್ಷೆ ಆಯಿತು ಎಂದರು ಅಕ್ಕ. ಚೀಲದಿಂದ ಒಂದು ಬಿಳಿ ಬಟ್ಟೆ ತೆಗೆದರು. ನನ್ನ ಕುಡಿಯುವ ನೀರಿನ ತಂಬಿಗೆಯಲ್ಲಿ ಅದ್ದಿ, ಹಿಂಡಿ, ಬೆರಳಿಗೆ ಸುತ್ತಿಕೊಂಡು, ಪರದೆಯ ಕೆಳಗಿನ ಮೂಲೆಯಲ್ಲಿ ಸೀರೆಯ ಸೆರಗು ಕಾಣುತ್ತಿದ್ದ ಜಾಗವನ್ನು ತಿಕ್ಕಿದರು. ಹೊಸ ಸೀರೆಯ ಮೂಲೆಯನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ನೋಡುವುದು ಅವರ ನಿತ್ಯದ ಅಭ್ಯಾಸ. ಪರದೆಯನ್ನು ಒರೆಸುವ ಅಭ್ಯಾಸ ನನಗೆ ಎಂದೂ ಇರಲಿಲ್ಲ.

ಬಟ್ಟೆ ಕರ್‍ರಗಾಯಿತು. ಅಕ್ಕ ಅದನ್ನು ನನ್ನ ಮುಂದೆ ಹಿಡಿದರು.

"ಅಕ್ಕಾರ, ಅದು ಬಣ್ಣ ಅಲ್ರಿ, ಬಸ್‌ಸ್ಟ್ಯಾಂಡಿನ ಧೂಳು" ಎಂದೆ.

"ಎಲ್ಲಾ ಅಂಗಡ್ಯಾವ್ರೂ ಹಂಗ ಅಂತಾರ್ರಿ" ಎಂದರು.

ಮೂರು ವರ್ಷದ ದುಡಿಮೆ ಆ ಕರಿ ಬಟ್ಟೆಯ ತುದಿಯಲ್ಲಿ ತೂಗುತ್ತಿತ್ತು. ಆದರೆ ತಿದ್ದಬಾರದೆಂಬ ನಿಯಮ ಇತ್ತು, ಅಕ್ಕನೂ ಎದುರಿಗೇ ನಿಂತಿದ್ದರು. ಬಿಸಿಲಿಗೆ ಅಡ್ಡಿಯಿಲ್ಲ, ಒದ್ದೆ ಬಟ್ಟೆಗೆ ಬಣ್ಣ ಬಿಡುತ್ತದೆ ಎಂದು ಬರೆದು ಕಳಿಸಿದೆ. ಯಾವ ಬಣ್ಣ ಎಂದು ಮರುದಿನ ಅಲ್ಲಿಂದ ಕೇಳಿದರು. ಕಪ್ಪು ಎಂದೆ. ಆಮೇಲೆ ಎರಡು ತಿಂಗಳು ಸುದ್ದಿಯಿಲ್ಲ.

ಹೊಸ ಆವೃತ್ತಿ ಬಂದ ದಿನ ಮೊದಲು ಭಾಷೆಗಳ ಪಟ್ಟಿ ತೆರೆದೆ. ಕನ್ನಡ ಇತ್ತು. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಪಟ್ಟಿಯ ಕೆಳಗೆ ಗೊತ್ತಿರುವ ದೋಷಗಳು ಎಂಬ ಒಂದು ಭಾಗವಿತ್ತು. ಕನ್ನಡದ ಎದುರು ಒಂದೇ ಸಾಲು: "ಒದ್ದೆ ಬಟ್ಟೆಯಿಂದ ತಿಕ್ಕಿದರೆ ಬಣ್ಣ ಬಿಡುತ್ತದೆ. ಪರಿಹಾರ ಹುಡುಕಲಾಗುತ್ತಿದೆ." ಆ ಸಾಲನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು.

ಅಕ್ಕ ಇನ್ನೊಂದು ಸೀರೆಯ ಪಟ್ಟಿ ಮಾಡಿಸಲು ಬಂದಾಗ ಅದನ್ನು ಓದಿ, ಹನ್ನೊಂದು ಮಂದಿ ಕುಳಿತು ಹುಡುಕುತ್ತಿದ್ದಾರೆ ಎಂದೂ ಹೇಳಿದೆ. ಮುಚ್ಚಿಡದೆ ಬರೆದುಕೊಟ್ಟಿದ್ದಾರಲ್ಲ, ಮರ್ಯಾದಸ್ಥರು ಎಂದು ಮೆಚ್ಚಿಕೊಂಡರು. ಬಾಗಿಲವರೆಗೆ ಹೋದವರು ಏನೋ ನೆನಪಾಗಿ ನಿಂತು, ಆ ದೂರದ ಹನ್ನೊಂದು ಮಂದಿಯ ಮೇಲೆ ನಿಜವಾದ ಮರುಕದಿಂದ ಹೇಳಿದರು.

"ಇದಕ್ಕ ಅಷ್ಟ ಮಂದಿ ಕೂತು ಹುಡುಕೂದು ಏನೈತ್ರಿ ಅಣ್ಣಾರ. ಹೊಸಾದು ಐತೆಲ್ಲಾ, ಮದಲ ಬಣ್ಣ ಬಿಟ್ಟೇ ಬಿಡ್ತೈತಿ. ಒಂದ್ ರಾತ್ರಿ ಉಪ್ಪಿನ ನೀರಾಗ ನೆನಿಸಿ ತಗೀರಿ, ಆಮ್ಯಾಲೆ ಹೆಂಗ ನಿಲ್ತೈತಿ ನೋಡ್ರಿ."