ಹುಳದ ಮನೆಯಲ್ಲಿ ಕಟ್ಟಿದ ಇಂಜಿನ್ನು

1996ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಮಾರನೇ ದಿನವೇ ರಾಮನಗರದ ಒಂದು ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದೆ. ನಾಚಿಕೆಯಿಂದ ಹೇಳುತ್ತಿಲ್ಲ. ಅವತ್ತು ಹಿಡಿದದ್ದನ್ನು ಇವತ್ತಿಗೂ ಕೆಳಗಿಟ್ಟಿಲ್ಲ ಅಂತ ಎದೆ ಉಬ್ಬಿಸಿಯೇ ಹೇಳುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನಾನು ಕಂಡ ಇಂಜಿನ್ ಕೆಲಸದವರಲ್ಲಿ ಯಾರು ಮೇಲು ಅಂತ ಕೇಳಿದರೆ ನಮ್ಮ ಭಾವನ ಕಡೆ ಕೈ ತೋರಿಸುತ್ತೇನೆ. ತೊಂದರೆ ಏನಪ್ಪಾ ಅಂದರೆ, ನಮ್ಮ ಭಾವ ಮೆಕ್ಯಾನಿಕ್ಕೇ ಅಲ್ಲ. ಅವರಿಗೆ ಬೈಕು ಓಡಿಸಲು ಬರುವುದಿಲ್ಲ. ಹೋಗಲಿ ಸೈಕಲ್ಲು? ಅದೂ ಇಲ್ಲ. "ಬೀಳ್ದೆ ಇರ್ಬೇಕು ಅಂದ್ರೆ ಓಡ್ತಲೇ ಇರ್ಬೇಕು, ಅದೆಂಥ ಬಾಳ್ಲಾ" ಅನ್ನುವುದು ಎರಡು ಚಕ್ರದ ಬಗ್ಗೆ ಅವರ ಅಭಿಪ್ರಾಯ. ನನ್ನ ಬೈಕಿನ ಹಿಂದೆ ಕೂತರೂ ಎರಡೂ ಕಾಲನ್ನು ಒಂದೇ ಕಡೆ ಇಳಿಬಿಟ್ಟು, ಥೇಟ್ ನಮ್ಮ ಅಕ್ಕನ ಹಾಗೇ ಕೂರುತ್ತಾರೆ.

ಭಾವ ಅಂದರೆ ಆ ಅಕ್ಕನ ಗಂಡ. ದೊಡ್ಡಆಲಹಳ್ಳಿ ಕಡೆಯ ರೈತ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುತ್ತಾರೆ. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಅವರ ಗೂಡು ಸುರಿದರೆ ನೂಲು ತೆಗೆಯುವ ರೀಲರುಗಳು ಕೈಗೆತ್ತಿಕೊಂಡು ಅಲ್ಲಾಡಿಸಿ ನೋಡುವ ಶಾಸ್ತ್ರವನ್ನೂ ಮಾಡುವುದಿಲ್ಲ. ತಟ್ಟೆ ತುಂಬ ಸಾವಿರಾರು ಹುಳ ಮೇಯುತ್ತಿರುವಾಗ ಅದರಲ್ಲಿ ಒಂದು ಸಪ್ಪೆಯಾಗಿದ್ದರೆ ಅವರಿಗೆ ಬಾಗಿಲಿನಿಂದಲೇ ತಿಳಿಯುತ್ತೆ. ಮನುಷ್ಯರ ವಿಷಯದಲ್ಲಿ ಈ ಸೂಕ್ಷ್ಮ ಇಲ್ಲ. ಅಕ್ಕ ಮೂರು ದಿನ ಮಾತು ಬಿಟ್ಟಿದ್ದರೂ ನಾಲ್ಕನೇ ದಿನ ನಾವು ಹೇಳಬೇಕು.

ಅವರ ಮಗಳು ಚೈತ್ರ. ಕನಕಪುರದಲ್ಲಿ ಡಿಗ್ರಿ ಮುಗಿಸಿದವಳು. ಅವಳಿಗೆ ಮಣ್ಣಿನ ಟ್ರ್ಯಾಕಿನಲ್ಲಿ ಗುಡ್ಡೆ ಹಾರಿಸುವ ರೇಸಿನ ಹುಚ್ಚು. ಹುಚ್ಚು ಹಿಡಿಸಿದವನು ನಾನೇ ಅಂತ ಅಕ್ಕನ ದೂರು, ದೂರಿನಲ್ಲಿ ಸುಳ್ಳೇನಿಲ್ಲ. ಆಗಲೇ ಇಬ್ಬರ ಕೈ ದಾಟಿ ಬಂದಿದ್ದ ಒಂದು ಟೂ ಸ್ಟ್ರೋಕ್ ರೇಸ್ ಗಾಡಿ ಹುಡುಕಿ ಕೊಡಿಸಿದವನೂ ನಾನೇ. ಟೂ ಸ್ಟ್ರೋಕ್ ಇಂಜಿನ್ ಅಂದರೆ ಗಾತ್ರ ಸಣ್ಣದು, ಕೋಪ ದೊಡ್ಡದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕು. ಮಾಮೂಲಿ ಬೈಕಿನ ಇಂಜಿನ್ನು ವರ್ಷಗಟ್ಟಲೆ ದುಡಿದರೆ ಇದು ಕೆಲವು ಗಂಟೆ ರೇಸ್ ಓಡಿದ್ದಕ್ಕೇ ಹೊಸ ಪಿಸ್ಟನ್ನು, ಹೊಸ ರಿಂಗು ಕೇಳುತ್ತೆ. ನಾನು ಎರಡು ಸಲ ಬಿಚ್ಚಿ ಕಟ್ಟಿದೆ. ಎರಡು ಸಲವೂ ರೇಸಿನ ನಡುವೆ ಪಿಸ್ಟನ್ನು ಒಳಗೇ ಕಚ್ಚಿಕೊಂಡು ಇಂಜಿನ್ನು ನಿಂತಿತು.

ಅಕ್ಕ ತೀರ್ಪು ಕೊಟ್ಟಳು: "ಇನ್ನೊಂದ್ ಕಿತ ಗಾಡಿ ನಡುದಾರೀಲಿ ನಿಂತ್ರೆ ಮಾರ್ಬುಡ್ತೀನಿ. ಇವ್ಳು ಆ ಹೆಲ್ಮೆಟ್ಟ ಗೂಟಕ್ಕೆ ನೇತಾಕ್ಲಿ." ನಮ್ಮ ಮನೆತನದಲ್ಲಿ ಅಕ್ಕನ ತೀರ್ಪಿನ ಮೇಲೆ ಅಪೀಲು ಇಲ್ಲ.

ಚೈತ್ರ ನನ್ನ ಗ್ಯಾರೇಜಿಗೆ ಬಂದು ಸ್ಟೂಲಿನ ಮೇಲೆ ಕೂತಳು. "ಮಾವ, ಗೆಲ್ಲದೆ ಇದ್ರೂ ಪರ್ವಾಗಿಲ್ಲ. ಈ ಸಲ ಮುಗಿಸ್ಬೇಕು, ಅಷ್ಟೇ." ರೇಸಿಗೆ ಇನ್ನು ಹತ್ತು ದಿನ ಇತ್ತು.

ಅವಳ ಹಿಂದೆಯೇ ಭಾವನೂ ಬಂದಿದ್ದರು. ಬಿಚ್ಚಿ ಹಾಕಿದ್ದ ಇಂಜಿನ್ನಿನ ಒಳಗೆ ಬೆರಳಾಡಿಸಿದರು. ಹೆಬ್ಬೆರಳಿಗೆ ಉಜ್ಜಿ ನೋಡಿದರು. ಆಮೇಲೆ ಬೆರಳನ್ನು ಹಾಗೇ ನನ್ನ ಮುಖದ ಮುಂದೆ ಹಿಡಿದರು.

"ನಿನ್ ಕೈ ಚೆನ್ನಾಗೈತೆ ಕಣ್ಲಾ. ಜಾಗ ಚೆನ್ನಾಗಿಲ್ಲ. ರಸ್ತೇಲಿ ಓಡಾಡೋ ಲಾರಿಗಳ ಧೂಳೆಲ್ಲ ಇದರ ಹೊಟ್ಟೇಲೈತೆ. ಬೆಳೆ ಎತ್ತಿದ್ದಾಯ್ತು, ಹುಳದ ಮನೆ ಖಾಲಿ ಬಿದ್ದೈತೆ. ಅಲ್ಲಿಗೆ ತಗಂಡ್ ಬಾ."

ಎರಡು ಶಟರಿನ ಗ್ಯಾರೇಜ್ ಇಟ್ಟವನು ನಾನು. ಹುಳ ಸಾಕುವವರು ನನಗೆ ಜಾಗ ತೋರಿಸುವುದೇ? ಆದರೆ ಅವರ ಬೆರಳ ತುದಿಯಲ್ಲಿ ಮರಳು ಮಿನುಗುತ್ತಿತ್ತು. ಸುಮ್ಮನೆ ಇಂಜಿನ್ನನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಟೆ.

ಹುಳದ ಮನೆಯ ಕಾನೂನು ಗೊತ್ತಿಲ್ಲದವರಿಗೆ ಒಸಿ ಹೇಳಬೇಕು. ಹುಳಕ್ಕೆ ರೋಗ ತಗುಲಬಾರದು ಅಂತ ಅದರೊಳಗೆ ಮಡಿ ಜಾಸ್ತಿ. ಭಾವ ಅದರಲ್ಲಿ ಒಂದನ್ನೂ ಸಡಿಲಿಸಲಿಲ್ಲ. ಒಳಗೆಲ್ಲ ಬ್ಲೀಚಿಂಗ್ ಪೌಡರಿನ ನೀರು ಹೊಡೆದಿದ್ದರು. ಕಿಟಕಿಗೆ ಹೊಸ ಪರದೆ ಕಟ್ಟಿದ್ದರು. ಬಾಗಿಲಲ್ಲಿ ನನ್ನ ಚಪ್ಪಲಿ ಬಿಡಿಸಿ, ಕಾಲು ತೊಳೆಸಿ, ಉಗುರು ಕತ್ತರಿಸಲು ಹೇಳಿದರು. ನನ್ನ ಸ್ಪ್ಯಾನರುಗಳಿಗೆ ಬಿಸಿನೀರಿನ ಸ್ನಾನ ಆಯಿತು. ಕೊನೆಗೆ ನನ್ನ ಅಂಗಿಯ ಜೇಬಿಗೆ ಕೈ ಹಾಕಿ ಗುಟ್ಕಾ ಪ್ಯಾಕೆಟ್ಟು ತೆಗೆದರು. ತಂಬಾಕಿನ ಗಾಳಿ ಸೋಕಿದರೆ ಹುಳ ಸಾಯುತ್ತೆ, ಅದು ನಿಜ.

"ಭಾವ, ಇದಕ್ಕೆ ಇಂಜಿನ್ ಸಾಯ್ತದಾ?"

"ಇಂಜಿನ್ ಸಾಯಾಕಿಲ್ಲ. ನೀನ್ ಸಾಯ್ತೀಯ. ಬಿಸಾಕು."

ಅಕ್ಕ ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮದ್ವೆ ದಿನ ನಮ್ಮನೆ ಹೊಸಿಲು ದಾಟುವಾಗ ಕಾಲು ತೊಳೀರಿ ಅಂದ್ರೆ ಬಸ್ಸಿಗೆ ಹೊತ್ತಾಯ್ತದೆ ಅಂದಿದ್ರು, ಈ ಮಹಾರಾಯ" ಅಂದಳು.

ಒಳಗೆ ಹುಳ ಮೇಯುವ ಬಿದಿರು ತಟ್ಟೆಗಳ ಮೇಲೆ ಪೇಪರ್ ಹಾಸಿ, ಒಂದೊಂದು ತಟ್ಟೆಗೆ ಒಂದೊಂದು ಭಾಗ ಇಟ್ಟರು. ಬೇರಿಂಗಿಗೆ ಒಂದು ತಟ್ಟೆ. ಪಿಸ್ಟನ್ನಿಗೆ ಒಂದು. ಬೋಲ್ಟುಗಳಿಗೆ ದೊಡ್ಡದೊಂದು. ಎಲ್ಲದರ ಮೇಲೂ ಇನ್ನೊಂದು ಪೇಪರ್ ಹೊದಿಸಿದರು. ನಾನು ಒಂದು ಬೋಲ್ಟ್ ಎತ್ತಿಕೊಂಡರೆ ಅವರು ಮತ್ತೆ ಪೇಪರ್ ಮುಚ್ಚುತ್ತಿದ್ದರು. ಇನ್ನೊಂದು ಎತ್ತಿಕೊಂಡರೆ ಮತ್ತೆ ಮುಚ್ಚುತ್ತಿದ್ದರು. ಗ್ಯಾರೇಜಿನಲ್ಲಿ ಒಂದು ದಿನಕ್ಕೆ ಮುಗಿಸುವ ಕೆಲಸ ಇಲ್ಲಿ ಮೂರು ದಿನ ಹಿಡಿಯಿತು. ಆದರೆ ಸಿಲಿಂಡರಿನೊಳಗೆ ಪಿಸ್ಟನ್ನು ಇಳಿಸಿ ನೋಡಿದಾಗ ಅದು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಇಷ್ಟು ವರ್ಷದಲ್ಲಿ ನನ್ನ ಕೈಗೆ ಅಂಥ ಅನುಭವ ಆಗಿರಲಿಲ್ಲ. ಭಾವನಿಗೆ ಹೇಳಲಿಲ್ಲ. ಹೇಳಿದರೆ ನನ್ನ ಗ್ಯಾರೇಜಿನ ಬಾಗಿಲಲ್ಲೂ ಕಾಲು ತೊಳೆಯುವ ತೊಟ್ಟಿ ಕಟ್ಟಿಸುವ ಮನುಷ್ಯ ಅವರು.

ಇನ್ನು ಆ ಕ್ಲಿಪ್ಪಿನ ವಿಷಯ.

ಪಿಸ್ಟನ್ನಿಗೆ ಒಂದು ಪಿನ್ನು ಇರುತ್ತೆ. ಅದು ಸರಿಯದ ಹಾಗೆ ಎರಡೂ ಬದಿಗೆ ಒಂದೊಂದು ತಂತಿ ಕ್ಲಿಪ್ಪು ಕೂರಿಸಬೇಕು. ಉಗುರಿನಷ್ಟು ಗಾತ್ರ, ಸ್ಪ್ರಿಂಗಿನ ಗುಣ. ಕೂರಿಸುವ ಮುಂಚೆ ಕೆಳಗೆ ತೆರೆದಿರುವ ಇಂಜಿನ್ನಿನ ಬಾಯಿಗೆ ಬಟ್ಟೆ ತುರುಕಬೇಕು, ಕೈ ಜಾರಿದರೂ ಕ್ಲಿಪ್ಪು ಒಳಗೆ ಬೀಳಬಾರದು ಅಂತ. ಕೆಲಸ ಕಲಿಯಲು ಬಂದವನಿಗೆ ಮೊದಲ ವಾರವೇ ಹೇಳಿಕೊಡುವ ಪಾಠ. ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೇನೆ. ಹೇಳಿಕೊಡುವವನಿಗೆ ಬಟ್ಟೆ ಯಾಕೆ ಅಂತ ನಾನು ಅದನ್ನು ಬಹಳ ವರ್ಷದ ಹಿಂದೆಯೇ ಬಿಟ್ಟಿದ್ದೆ.

ಎರಡನೇ ಕ್ಲಿಪ್ಪು ಟಿಂಗ್ ಅಂತ ಹಾರಿತು.

"ಬಟ್ಟೆ ಇಟ್ಟಿದ್ಯೇನ್ಲಾ?" ಅಂದರು ಭಾವ. ಅವರು ಆಚೆ ತಿರುಗಿ ತಟ್ಟೆ ಮುಚ್ಚುತ್ತಿದ್ದರು.

"ಇಟ್ಟಿದ್ದೆ. ಈಗ ತಾನೇ ತೆಗ್ದೆ."

ಸುಳ್ಳು. ಯಾಕೆ ಹೇಳಿದೆ ಅಂದರೆ, ಹೆಮ್ಮೆ ಅನ್ನುವುದು ನಾಲಗೆಗಿಂತ ಮುಂದೆ ಓಡುತ್ತೆ. ಟಾರ್ಚ್ ಬಿಟ್ಟು ಒಳಗೆ ನೋಡಿದೆ, ಏನೂ ಕಾಣಲಿಲ್ಲ. ಗೋಡೆ ಕಡೆಗೇ ಹಾರಿದೆ ಅಂತ ನನ್ನನ್ನು ನಾನೇ ನಂಬಿಸಿಕೊಂಡೆ.

"ಹೊಸ ಕ್ಲಿಪ್ಪಿದೆ ಭಾವ, ಹಾಕಿ ಮುಚ್ಚೋಣ."

"ಸಿಗೋಗಂಟ ಮುಚ್ಚಾಕಿಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆ ತುಂಡು ಒಳಗಿದ್ದರೆ ಇಂಜಿನ್ನು ವೇಗ ಹಿಡಿದ ಗಳಿಗೆಯಲ್ಲಿ ಕಚ್ಚಿಕೊಳ್ಳುತ್ತೆ. ಗಾಡಿ ಗುಡ್ಡೆ ಹಾರಿ ನೆಲಕ್ಕೆ ಇಳಿಯುವಾಗ ಕಚ್ಚಿಕೊಂಡರೆ ಹಿಂದಿನ ಚಕ್ರ ಕಲ್ಲಾಗುತ್ತೆ. ಮೇಲೆ ಕೂತಿರುವವಳು ಚೈತ್ರ.

ಭಾವ ನೆಲವನ್ನು ಅಂಗೈಯಲ್ಲಿ ತಡವಿದರು. ತಟ್ಟೆ ಒಂದೊಂದಾಗಿ ಒದರಿದರು. ನನ್ನ ಅಂಗಿ ಬಿಚ್ಚಿಸಿ ಕೊಡವಿದರು, ತಲೆಗೂದಲಲ್ಲಿ ಬೆರಳಾಡಿಸಿದರು. ಹೇನು ನೋಡಿಸಿಕೊಳ್ಳುವ ಮಗುವಿನ ಹಾಗೆ ಕೂತಿದ್ದೆ, ಎರಡು ಶಟರಿನ ಮಾಲೀಕ. ಸಂಜೆಯಾದರೂ ಸಿಗಲಿಲ್ಲ. ಮುದ್ದೆ ಉಂಡು ಅಲ್ಲೇ ಮಲಗಿದೆ.

ಬೆಳಿಗ್ಗೆ ಎದ್ದು ಬಂದರೆ ಭಾವ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಅಂಗೈಯಲ್ಲಿ ಕ್ಲಿಪ್ಪು.

"ನನ್ ಪಂಚೆ ಮಡಿಕೇಲೇ ಇತ್ತು ಕಣ್ಲಾ."

ನಾನು ನಕ್ಕೆ ಅಂದರೆ ಎಂಥಾ ನಗು! ಇಡೀ ಮನೆ ತಡಕಾಡಿ, ತನ್ನ ಸೊಂಟದಲ್ಲೇ ಇಟ್ಟುಕೊಂಡಿದ್ದ ಮಹಾನುಭಾವ. "ಒಳಗೆ ಬಿದ್ದಿಲ್ಲ ಅಂತ ನಾನ್ ಹೇಳ್ಲಿಲ್ವಾ" ಅಂದೆ. "ನೀನೇ ಗೆದ್ದೆ ಬುಡು" ಅಂದರು. ಅಕ್ಕನ ಹಳೇ ರೇಷ್ಮೆ ಸೀರೆಯ ಒಂದು ತುಂಡು ತಂದು ಇಂಜಿನ್ನಿನ ಬಾಯಿಗೆ ತಾವೇ ತುರುಕಿದರು. "ರೇಷ್ಮೆಗೆ ಜುಂಗು ಬರಾಕಿಲ್ಲ. ಇನ್ಮೇಲೆ ಬಟ್ಟೆ ಇಡೋದು ನನ್ ಕೆಲ್ಸ, ನೀನ್ ಕೈ ನೋಡ್ಕೊ." ಹೊಸ ಕ್ಲಿಪ್ಪು ಒಂದೇ ಏಟಿಗೆ ಕೂತಿತು.

ಕಟ್ಟಿ ಮುಗಿಸಿದ ಇಂಜಿನ್ನನ್ನು ಒಮ್ಮೆಲೇ ಜೋರಾಗಿ ಓಡಿಸಬಾರದು. ಬಿಸಿ ಮಾಡಿ, ಪೂರ್ತಿ ತಣಿಸಿ, ಮತ್ತೆ ಬಿಸಿ ಮಾಡಬೇಕು. ಎಷ್ಟು ಸಲ ಅಂತ ಭಾವನಿಗೆ ನಾನು ಹೇಳಬೇಕಾಗಲಿಲ್ಲ. ರೇಷ್ಮೆ ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಮೇವು ಬಿಟ್ಟು, ಅಲ್ಲಾಡದೆ ಕೂತು ಪೊರೆ ಕಳಚುತ್ತೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಇಂಜಿನ್ನಿಗೂ ನಾಲ್ಕು ಜ್ವರ ಅಂತ ತೀರ್ಮಾನ ಆಯಿತು. ಪ್ರತಿ ಜ್ವರಕ್ಕೂ ಸಿಲಿಂಡರಿನ ಮೇಲೆ ಅಂಗೈ ಇಟ್ಟು, ಸುಡುವ ಹೊತ್ತಿಗೆ ನಿಲ್ಲಿಸು ಅಂತ ಸನ್ನೆ ಮಾಡುತ್ತಿದ್ದರು. ತಣಿಯುವವರೆಗೂ ಹತ್ತಿರ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕಿದರು.

"ಎಷ್ಟನೇ ಜ್ವರ?"

"ಮೂರು" ಅಂದರು ಭಾವ, ಪಿಸುದನಿಯಲ್ಲಿ.

"ಸೊಪ್ಪು ಗಿಪ್ಪು ಹಾಕ್ಬುಟ್ಟೀರಾ, ಹುಷಾರು."

ರೇಸು ಮಾಗಡಿ ರಸ್ತೆ ಪಕ್ಕದ ಒಂದು ಬೀಳು ಹೊಲದಲ್ಲಿ. ಮೊದಲು ಕೆಂಗಲ್ ಆಂಜನೇಯನಿಗೆ ಪೂಜೆ ಮಾಡಿಸಿ ಹೋಗಬೇಕು ಅಂತ ಅಕ್ಕನ ಅಪ್ಪಣೆ. ಗಾಡಿಯನ್ನು ಗೂಡ್ಸ್ ಆಟೋಗೆ ಹಾಕಿಕೊಂಡು ಸುತ್ತಿ ಬಳಸಿ ಹೋದೆವು. ಅರ್ಚಕರು ಒಂದು ಹಿಡಿ ಕುಂಕುಮ ಎತ್ತಿದರು. ಭಾವ ಗಾಡಿಗೂ ಅವರಿಗೂ ನಡುವೆ ಬಂದು ನಿಂತರು.

"ಸ್ವಾಮಿ, ನನ್ ಹಣೆಗೆ ಎಷ್ಟಾದ್ರೂ ಹಚ್ಚಿ. ಇದು ಗಾಳಿ ಎಳ್ಕಳೋ ಮೂಗಿನ ತಾವ ಮಾತ್ರ ಬ್ಯಾಡಿ."

ಆವತ್ತು ರೇಸ್ ಟ್ರ್ಯಾಕಿಗೆ ಭಾವ ಕೆಂಪು ಮುಖ ಹೊತ್ತು ಬಂದರು. ಗಾಡಿಯ ಮೇಲೆ ಒಂದು ಚಿಟಿಕೆಯೂ ಇರಲಿಲ್ಲ.

ರೇಸನ್ನು ಅವರು ನೋಡಲಿಲ್ಲ. ಆಟೋ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿಕೊಂಡಿದ್ದರು. ಇಪ್ಪತ್ತು ಗಾಡಿಗಳು ಒಟ್ಟಿಗೆ ಕಿರುಚುತ್ತಿದ್ದವು, ಆದರೂ ಪ್ರತಿ ಸುತ್ತಿಗೂ "ನಮ್ದು ಬಂತು" ಅಂದಾಗ ನೋಡಿದರೆ ನಿಜವಾಗಿಯೂ ಚೈತ್ರಳೇ ಗುಡ್ಡೆ ಹಾರುತ್ತಿದ್ದಳು. ಕೊನೇ ಸುತ್ತಿನಲ್ಲಿ ಅವರು ಏನೂ ಅನ್ನಲಿಲ್ಲ. ತಿರುಗಿ ನೋಡಿದರೆ ಅಳುತ್ತಿದ್ದರು. ಅವಳು ಐದನೆಯವಳಾಗಿ ಮುಗಿಸಿದ್ದಳು. ಅಕ್ಕನಿಂದ ಫೋನ್ ಬಂತು.

"ನಿಂತ್ಕತಾ?"

"ಇಲ್ಲ ಅಕ್ಕ."

"ಹಂಗಾದ್ರೆ ಊಟಕ್ಕೆ ಬನ್ನಿ."

ಆಮೇಲೆ ಆ ಪಂಚೆಯ ಕಥೆಯನ್ನು ನಾನು ಹೇಳದ ಮನೆಯಿಲ್ಲ. ಗ್ಯಾರೇಜಿಗೆ ಬಂದ ಗಿರಾಕಿಗೆಲ್ಲ ಹೇಳಿದೆ, ಕಲ್ಯ ಅನ್ನುವ ಊರಲ್ಲಿ ನೆಂಟರ ಮದುವೆಯ ಪಂಕ್ತಿಯಲ್ಲಿ ಕೂತು ಹೇಳಿದೆ. ಭಾವನೂ ಎಲ್ಲರ ಜೊತೆ ನಗುತ್ತಿದ್ದರು. ಅವರೇಕಾಯಿ ಕಾಲದಲ್ಲಿ ಅಕ್ಕನ ಮನೆಯಲ್ಲಿ ಕಾಳು ಬಿಡಿಸುತ್ತಾ ಮತ್ತೆ ಶುರು ಮಾಡಿದೆ. ಅಕ್ಕ ಕೈಲಿದ್ದ ಕಾಯನ್ನು ಮೊರಕ್ಕೆ ಎಸೆದಳು.

"ಸಾಕು ಸುಮ್ಕಿರ್ಲಾ. ಪಂಚೇಲಿ ಇರ್ಲಿಲ್ಲ ಅದು. ನೀನಿನ್ನೂ ಏಳೋಕೆ ಮುಂಚೆ, ಕೋಳಿ ಕೂಗೋ ಹೊತ್ತಲ್ಲಿ ಎದ್ದು, ಅಯಸ್ಕಾಂತಕ್ಕೆ ರೇಷ್ಮೆ ದಾರ ಕಟ್ಟಿ ಇಂಜಿನ್ ಒಳಗೆ ಬುಟ್ಟು ತೆಗ್ದದ್ದು. ನಾನೇ ಟಾರ್ಚ್ ಹಿಡ್ದಿದ್ದೆ."

ನನ್ನ ಕೈ ನಿಂತಿತು.

"ಅವ್ನಿಗೆ ಹೇಳ್ಬ್ಯಾಡ ಅಂದ್ರು. ಅವ್ನು ಓದ್ಲಿಲ್ಲ, ಆ ಎರಡು ಕೈ ನಂಬ್ಕೊಂಡೇ ನಿಂತವ್ನೆ, ಆ ಕೈಗೆ ನಡುಕ ಬಂದ್ರೆ ನನ್ ಮಗಳ ಗಾಡಿ ಯಾರ್ ಕಟ್ತಾರೆ ಅಂದ್ರು."

ಎದ್ದು ಹುಳದ ಮನೆಗೆ ಹೋದೆ. ಹೊಸ ಬೆಳೆ ನಡೆಯುತ್ತಿತ್ತು. ಭಾವ ಸೊಪ್ಪು ಹರಡುತ್ತಿದ್ದರು.

"ಭಾವ, ಆವತ್ತು ನಾನು ಬಟ್ಟೆ ಇಟ್ಟಿರ್ಲಿಲ್ಲ."

ಅವರು ತಿರುಗಿ ನೋಡಲಿಲ್ಲ. "ಗೊತ್ತು. ಆ ಕಡೆ ತಟ್ಟೆ ಹಿಡ್ಕೊ, ಹಸ್ಕೊಂಡವೆ."

ಹಿಡಿದುಕೊಂಡೆ. ಹುಳಗಳು ಸೊಪ್ಪು ಮೇಯುವ ಸದ್ದು ತಟ್ಟೆಯ ತುಂಬ ಹರಡಿಕೊಂಡಿತು.

ನನಗೆ ಈಗ ಇರುವುದು ಇಷ್ಟು: ಸ್ವಂತದ್ದೊಂದು ಗ್ಯಾರೇಜು, ಮೂರು ಜನ ಕೆಲಸಗಾರರು, ಒಂದು ಕಂಪ್ರೆಸರು, ಒಬ್ಬಳು ಅಕ್ಕ, ಒಬ್ಬರು ಭಾವ.