ಪಡಸಾಲೆಯಲ್ಲಿ ಪಾಸಾದ ಕಾಯ್ದೆಗಳು

ದೇಶದ ಕಾಯ್ದೆಗಳೆಲ್ಲ ದಿಲ್ಲಿಯಲ್ಲಿ ಪಾಸಾಗುತ್ತವೆ ಎಂದು ನೀವು ಸಾಲೆಯಲ್ಲಿ ಕಲಿತಿದ್ದರೆ ದಯವಿಟ್ಟು ಮರೆತುಬಿಡಿ! ದಿಲ್ಲಿಯಲ್ಲಿ ಬರೀ ಕೈ ಎತ್ತುತ್ತಾರೆ, ಅಷ್ಟೆ. ಅವು ನಿಜವಾಗಿ ಜಾರಿಗೆ ಬರುವುದು ಇರಕಲ್ಲಗಡದಲ್ಲಿರುವ ನನ್ನ ಸೋದರಮಾವನ ಪಡಸಾಲೆಯಲ್ಲಿ. ಅಲ್ಲಿ ಪಾಸಾಗದ ಕಾಯ್ದೆ ಕಾಯ್ದೆಯೇ ಅಲ್ಲ.

ಹಾಗಂತ ಮಾಮ ವಕೀಲನೇನಲ್ಲ. ಒಂದು ಕಿರಾಣಿ ಅಂಗಡಿ, ಹಿರಿಯರ ಹೊಲ, ಇಷ್ಟೇ ಆತನ ಸಂಸ್ಥಾನ. ತೊಂಬತ್ತೇಳರಲ್ಲಿ ಕೊಪ್ಪಳ ಜಿಲ್ಲೆಯಾಯಿತಲ್ಲ, ಆವಾಗಲೇ ಈ ರೋಗ ತಗುಲಿದ್ದು. ಊರ ಮಂದಿ ಜಿಲ್ಲಾ ಕೇಂದ್ರಕ್ಕೆ ಸಂತೆಗೆ, ಸಿನಿಮಾಕ್ಕೆ ಹೋದರೆ ಈತ ಕೋರ್ಟಿಗೆ ಹೋಗುತ್ತಿದ್ದ. ಯಾರದೋ ಕೇಸು, ಯಾರದೋ ವಾದ! ಹಿಂದಿನ ಬೆಂಚಿನಲ್ಲಿ ಕೂತು ಕಣ್ಣರಳಿಸಿ ಕೇಳುವುದೇ ಕೆಲಸ. ಅತ್ತೆ ತಾಳಲಾರದೆ ಒಮ್ಮೆ ಕೇಳಿಯೇಬಿಟ್ಟಳು.

"ಅಲ್ರೀ, ಅಲ್ಲಿ ನಿಮ್ಮ ಕೇಸ್ ಯಾವದೈತಿ?"

"ಎಲ್ಲಾ ಕೇಸೂ ನಮ್ಮವ! ಪ್ರಜಾಪ್ರಭುತ್ವ ಐತಿ!"

ಅತ್ತೆ ಅಂದಿನಿಂದ ಬುತ್ತಿ ಕಟ್ಟುವುದನ್ನು ನಿಲ್ಲಿಸಿದಳು. ಪ್ರಜಾಪ್ರಭುತ್ವ ಮುಂದೆ ಮಿರ್ಚಿ ಮಂಡಕ್ಕಿಯ ಮೇಲೆ ನಡೆಯಿತು.

ಗ್ರಾಹಕರ ರಕ್ಷಣೆಗೂ ಒಂದು ಕಾಯ್ದೆ ಇದೆಯಲ್ಲ? ಬೇರೆ ಅಂಗಡಿಯವರು ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಮಾಮ ಗಲ್ಲಾದ ಹಿಂದಿನ ಗೋಡೆಯ ಮೇಲೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಸಿದ. ಸಾಲದ್ದಕ್ಕೆ ಬೇಳೆ ಕೇಳಿಕೊಂಡು ಬಂದ ಮುದುಕಿಗೆ ಪಾಠ ಬೇರೆ.

"ನೋಡಬೇ ಆಯಿ, ಈ ಬ್ಯಾಳ್ಯಾಗ ಒಂದು ಹರಳು ಸಿಕ್ರೂ ನನ್ನ ಮ್ಯಾಲ ಕೇಸ್ ಹಾಕು. ನಿನಗ ಹಕ್ಕೈತಿ!"

"ಯಪ್ಪಾ, ನನಗ ಕೇಸ್ ಬ್ಯಾಡೋ, ಪಾವ್ ಕಿಲೊ ಬ್ಯಾಳಿ ಸಾಕು!" ಎಂದು ಮುದುಕಿ ಕೈಮುಗಿದು ಎದುರಿನ ಅಂಗಡಿಗೆ ನಡೆದಳು. ತನ್ನ ಮೇಲೆ ಕೇಸು ಹಾಕುವುದು ಹೇಗೆಂದು ಗಿರಾಕಿಗಳಿಗೆ ತಾನೇ ಹೇಳಿಕೊಡುವ ವ್ಯಾಪಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಮುಂದೆ ಮಾಹಿತಿ ಹಕ್ಕು ಬಂತು. ಅದನ್ನು ಮಾಮ ಮೊದಲು ಪ್ರಯೋಗಿಸಿದ್ದು ಯಾವ ಕಚೇರಿಯ ಮೇಲೂ ಅಲ್ಲ, ಅಡುಗೆಮನೆಯ ಮೇಲೆ! "ಬದನಿಕಾಯಿ ಪಲ್ಯದಾಗ ಬಳ್ಳೊಳ್ಳಿ ಯಾಕಿಲ್ಲ? ಮಾಹಿತಿ ಬೇಕು" ಎಂದು ತಾಟಿನ ಮುಂದೆ ಗುಡುಗಿದ. ಗಂಡನ ಉಪನ್ಯಾಸ ಕೇಳಿ ಕೇಳಿ ಅತ್ತೆಗೂ ಕಾಯ್ದೆ ಬಾಯಿಪಾಠವಾಗಿತ್ತು.

"ಮಾಹಿತಿ ಕೊಡಾಕ ಮೂವತ್ತು ದಿನ ಟೈಮ್ ಐತಿ ಅಲ್ರೀ? ಅಲ್ಲೀತನಕ ಬಾಯಿ ಮುಚ್ಚಿ ಉಣ್ರಿ!"

ಬಾಯಿ ಮುಚ್ಚಿ ಉಣ್ಣುವುದು ಹೇಗೆ ಎಂದು ಕೇಳುವ ಧೈರ್ಯ ಮಾಮನಿಗಾಗಲಿಲ್ಲ.

ಹೇಮಗುಡ್ಡದ ದುರ್ಗಮ್ಮನ ಗುಡಿಯಲ್ಲಿ ನೆಂಟರ ಮದುವೆ. ಇನ್ನೇನು ತಾಳಿ ಕಟ್ಟಬೇಕು, ಮಂದಿ ಅಕ್ಕಿಕಾಳು ಹಿಡಿದು ನಿಂತಿದ್ದಾರೆ. ಮಾಮ ಕೈ ಎತ್ತಿದ. "ನಿಂದರ್ರಿ! ಹುಡುಗಿಗೆ ಹದಿನೆಂಟು ತುಂಬೇತೇನು? ಬಾಲ್ಯವಿವಾಹ ಅಪರಾಧ ಐತಿ!" ಮದುಮಗಳೇ ಬಾಸಿಂಗ ಸರಿಸಿ ತಲೆ ಎತ್ತಿದಳು. "ಕಾಕಾ, ನಂದು ಇಪ್ಪತ್ತೇಳು. ಹೈಸ್ಕೂಲಿನ್ಯಾಗ ನಿಮ್ಮ ಮಗಳಿಗೆ ಸಮಾಜ ಕಲಿಸ್ತೀನಿ. ಮೊನ್ನಿ ನಾಪಾಸ್ ಆಗ್ಯಾಳ ನೋಡ್ರಿ!" ಮಂದಿ ನಕ್ಕ ರಭಸಕ್ಕೆ ಅರ್ಧ ಅಕ್ಕಿಕಾಳು ಮಾಮನ ತಲೆಯ ಮೇಲೆಯೇ ಬಿದ್ದವು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಅಜ್ಜ ತೀರಿಕೊಂಡ. ನಮ್ಮ ಕಡೆ ಒಂದು ಪದ್ಧತಿ ಇದೆ. ತಂದೆ ಹೋದ ಮೇಲೆ ಹೆಣ್ಣುಮಕ್ಕಳು ನೋಂದಣಿ ಕಚೇರಿಗೆ ಬಂದು, ನಮಗೆ ಹೊಲ ಬೇಡ ಎಂದು ಸಹಿ ಮಾಡಿ ಹೋಗುತ್ತಾರೆ. ಅಣ್ಣತಮ್ಮಂದಿರು ಸೀರೆ ಕೊಟ್ಟು ಉಡಿ ತುಂಬುತ್ತಾರೆ. ಹೊಲ ಹೋದರೂ ತವರು ಉಳಿಯುತ್ತದೆ. ಪಾಲು ಕೇಳಿದವಳನ್ನು ನಾಗರ ಪಂಚಮಿಗೆ, ಜೋಕಾಲಿ ಆಡಲು ತವರಿಗೆ ಕರೆಯಲು ಯಾರೂ ಬರುವುದಿಲ್ಲ ಎಂಬುದು ಯಲಬುರ್ಗಾದಿಂದ ಕುಷ್ಟಗಿಯವರೆಗೆ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು.

ಮಾಮನಿಗೆ ಒಬ್ಬಳೇ ಅಕ್ಕ, ನಮ್ಮವ್ವ. ಉಡಿ ತುಂಬಿಸಿಕೊಂಡು ಬರೋಣವೆಂದು ಇಳಕಲ್ ಸೀರೆ ಉಟ್ಟು, ನನ್ನನ್ನೂ ಕರೆದುಕೊಂಡು ಗಂಗಾವತಿಯಿಂದ ಕೊಪ್ಪಳಕ್ಕೆ ಹೋದಳು. ಕಚೇರಿಯ ಮೆಟ್ಟಿಲ ಮೇಲೆ ಮಾಮ ನಿಂತಿದ್ದ, ಮುಖದಲ್ಲಿ ಮದುಮಗನ ಕಳೆ!

"ಅಕ್ಕಾ, ನೀ ಏನೂ ಬಿಟ್ಟುಕೊಡೂದಿಲ್ಲ. ಕಾಯ್ದಿ ತಿದ್ದ್ಯಾರ, ಮಗಳಿಗೂ ಮಗನಷ್ಟ ಪಾಲು! ಪಾಲಿನ ವಾಟ್ನಿ ಪತ್ರ ತಯಾರೈತಿ. ಹಳ್ಳದ ಕಡೀ ಅರ್ಧ ಹೊಲ ನಿಂದು!"

ಅವ್ವ ಮೆಟ್ಟಿಲ ಮೇಲೆಯೇ ಕುಸಿದಳು. "ನಾ ಏನ್ ತಪ್ಪು ಮಾಡೀನೋ ತಮ್ಮಾ? ನನ್ನ ತವರು ಯಾಕ ಕಡೀತಿ?" ಎಂದು ಅಳತೊಡಗಿದಳು. ಮಾಮ ನನ್ನ ಕಡೆ ತಿರುಗಿ, "ನೋಡವಾ, ಎಷ್ಟ್ ಖುಷಿಯಾಗೈತಿ ನಿಮ್ಮವ್ವಗ!" ಎಂದ.

ನೆರೆದ ಮಂದಿಯ ಮುಂದೆ ತಮ್ಮನನ್ನು ಬಿಟ್ಟುಕೊಡಲಾರದೆ ಅವ್ವ ಅಳುತ್ತಲೇ ಸಹಿ ಮಾಡಿದಳು. ಸಮಪಾಲಾದ ಮೇಲೆ ಉಡಿಯ ಕಟ್ಟಳೆ ಯಾಕೆಂದು ಆ ಮಹಾನುಭಾವ ಸೀರೆ, ಕೊಬ್ಬರಿ, ಅಕ್ಕಿ ಏನನ್ನೂ ತಂದಿರಲಿಲ್ಲ! ಅರ್ಧ ಹೊಲದ ಒಡತಿ ಖಾಲಿ ಉಡಿಯಲ್ಲಿ ಬಸ್ಸು ಹತ್ತಿದಳು.

ಆಮೇಲೆ ನೆಂಟರ ಬಾಯಲ್ಲಿ ಅವ್ವ "ಪಾಲು ತಗೊಂಡಾಕಿ" ಆದಳು. ಮಾಮನ ಫೋನು ಬಂದರೆ ನನ್ನ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದಳು. ಪಂಚಮಿ ಹತ್ತಿರ ಬಂತು. ನಮ್ಮ ಓಣಿಯ ಹೆಣ್ಣುಮಕ್ಕಳನ್ನು ಕರೆಯಲು ಅವರವರ ಅಣ್ಣತಮ್ಮಂದಿರು ಬಂದರು. ಬಾಗಿಲ ಕಡೆ ನೋಡಬಾರದೆಂದು ಹಟ ಹಿಡಿದ ಅವ್ವ ಇಡೀ ದಿನ ಬಾಗಿಲನ್ನೇ ನೋಡಿದಳು.

ಸಂಜೆಯ ಬಸ್ಸಿಗೆ ಮಾಮ ಬಂದ. ಕೈಯಲ್ಲಿ ಅತ್ತೆ ಹಬ್ಬಕ್ಕೆಂದು ಮಾಡಿ ಕೊಟ್ಟ ಅಳ್ಳಿಟ್ಟಿನ ಡಬ್ಬಿ. ಆತನ ಕಾಲಸಪ್ಪಳ ಕೇಳುತ್ತಲೇ ಅವ್ವ ಎದ್ದು ಅಡುಗೆಮನೆ ಸೇರಿದಳು. ಮಾಮ ಹೊಸ್ತಿಲಾಚೆಯೇ ನಿಂತ.

"ಯಾವ ಕಾಯ್ದಿ ಪ್ರಕಾರ ಬಂದ್ರಿ ಮಾಮಾ?" ಎಂದು ಚುಚ್ಚಿದೆ. ಒಂದು ತಾಸಿನ ಭಾಷಣ ಖಾತ್ರಿ ಎಂದುಕೊಂಡೆ. ಮಾಮ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಇದಕ್ಕ ಕಾಯ್ದಿ ಇಲ್ಲವಾ. ಎಲ್ಲಾ ಪುಸ್ತಕ ತಿರುವಿ ಹಾಕೀನಿ. ಅಕ್ಕ ತವರಿಗೆ ಬರೂದಿಲ್ಲ ಅಂದ್ರ ನಾ ಯಾವ ಕೋರ್ಟಿಗೆ ಹೋಗ್ಲಿ?"

ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು.

"ಜೋಕಾಲಿ ಕಟ್ಟೀಯೇನೋ?" ಎಂದು ಅವ್ವನ ದನಿ ಬಂತು.

"ಕಟ್ಟೀನಿ ಅಕ್ಕಾ. ನಿನ್ನ ಹೊಲದಾಗ, ನಿನ್ನ ಬೇವಿನ ಗಿಡಕ್ಕ."

ಆ ಪಂಚಮಿಗೆ ಅರವತ್ತು ದಾಟಿದ ನಮ್ಮವ್ವ ಸೀರೆಯ ಸೆರಗು ಸಿಕ್ಕಿಸಿಕೊಂಡು ಜೋಕಾಲಿ ಏರಿದಳು. ಹಿಂದೆ ನಿಂತು ತೂಗುತ್ತಿದ್ದ ಮಾಮ ಟೊಂಗೆ ಮುರಿದೀತೆಂದು ಕೈ ಹಿಡಿತದಲ್ಲಿಟ್ಟುಕೊಂಡಿದ್ದ. ಅವ್ವ ಮೇಲಿನಿಂದಲೇ ಕೂಗಿದಳು.

"ಅಂಜಬ್ಯಾಡೋ ತಮ್ಮಾ, ಜೋರ್ ತೂಗು! ಗಿಡ ನಂದೈತಿ!"