ಬಣ್ಣ ಬಿಡದ ಕುಂಕುಮ

ನನಗೊಂದು ಕಾಯಿಲೆಯಿದೆ. ಡಾಕ್ಟರರಿಗೆ ತೋರಿಸುವಂಥದ್ದಲ್ಲ, ಕಣ್ಣು ತೆರೆದುಕೊಂಡೇ ಎಲ್ಲಿಗೋ ಹೋಗಿಬಿಡುವ ಕಾಯಿಲೆ. ಹಾಲು ಎಷ್ಟು ಚೆಂದ ಮೇಲೇರುತ್ತದಲ್ಲ ಎಂದು ನೋಡುತ್ತ ನಿಂತರೆ, ಅದು ಉಕ್ಕಿ ಒಲೆ ಆರಿದ ಮೇಲೇ ನನಗೆ ಎಚ್ಚರ. ಮದುವೆಗೆ ಮುಂಚೆ ಡೊಂಬಿವಲಿಯಲ್ಲಿದ್ದಾಗ, ಲೋಕಲ್ ರೈಲಿನ ಕಿಟಕಿ ಪಕ್ಕ ಜಾಗ ಸಿಕ್ಕ ಖುಷಿಯಲ್ಲಿ ನನ್ನ ಸ್ಟೇಷನ್ ಮರೆತು, ಅಂಬರನಾಥದವರೆಗೆ ಹೋಗಿ ವಾಪಸು ಬಂದಿದ್ದೇನೆ. ಧಾರವಾಡದ ಕಡೆಯ ನನ್ನ ಅವ್ವ, ಈ ಹುಡುಗಿಗೆ ಯಾರು ಕೆಲಸ ಕೊಟ್ಟಾರು ಎಂದು ಚಿಂತೆ ಮಾಡುತ್ತಿದ್ದಳು. ಕೊಟ್ಟರು. ಸುಮ್ಮನೆ ಕೂತು ಬಣ್ಣ ನೋಡುವ ಕೆಲಸವನ್ನೇ ಕೊಟ್ಟರು.

ರಬಾಳೆಯಲ್ಲಿ ಒಂದು ಸಣ್ಣ ಕಾರ್ಖಾನೆ. ಪಪ್ಪಾಯಿಕಾಯಿಯ ಹಾಲನ್ನು ಒಣಗಿಸಿ ಅದರಿಂದ ಎಂಜೈಮ್ ತೆಗೆಯುತ್ತಾರೆ; ಅಜೀರ್ಣದ ಮಾತ್ರೆಗೆ ಹಾಕುವಂಥದ್ದು. ಈ ಎಂಜೈಮ್ ಪ್ರೋಟೀನನ್ನು ಕತ್ತರಿಸುತ್ತದೆ. ಕತ್ತರಿ ಎಷ್ಟು ಹರಿತವಾಗಿದೆ ಎಂದು ಅಳೆಯುವವಳು ನಾನು. ಅದಕ್ಕೊಂದು ಕೆಂಪು ಪುಡಿ ಇದೆ. ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜನ್ ಎಂಬ ಪ್ರೋಟೀನನ್ನು ಪ್ರಾಣಿಗಳ ಚರ್ಮದಿಂದ ತೆಗೆದು, ಅದಕ್ಕೆ ಬಣ್ಣ ಕಟ್ಟಿ ಮಾಡಿದ್ದು. ಬರೀ ನೀರಿಗೆ ಹಾಕಿ ಎಷ್ಟು ಅಲ್ಲಾಡಿಸಿದರೂ ಆ ಪುಡಿ ಬಣ್ಣ ಬಿಡುವುದಿಲ್ಲ, ನೀರು ತಿಳಿಯಾಗಿಯೇ ಇರುತ್ತದೆ. ಎಂಜೈಮ್ ಬಿದ್ದರೆ ಮಾತ್ರ ಕೊಲಾಜನ್ ತುಂಡು ತುಂಡಾಗಿ, ಬಣ್ಣವನ್ನು ಹೊತ್ತುಕೊಂಡು ನೀರಿಗಿಳಿಯುತ್ತದೆ. ಉಳಿದ ಪುಡಿಯನ್ನು ಸೋಸಿ ತೆಗೆದು, ನೀರು ಎಷ್ಟು ಕೆಂಪಾಯಿತೆಂದು ಯಂತ್ರದಲ್ಲಿ ನೋಡುವುದು. ಹೆಚ್ಚು ಕೆಂಪಾದರೆ ಕತ್ತರಿ ಹೆಚ್ಚು ಹರಿತ. ಬೆಚ್ಚಗಿನ ನೀರಿನಲ್ಲಿ ಕೊಳವೆಗಳು ತೊಟ್ಟಿಲಂತೆ ತೂಗುತ್ತಿರುತ್ತವೆ. ಏನೂ ಇಲ್ಲದಲ್ಲಿ ಮೊದಲು ಅನುಮಾನದಂಥ ಒಂದು ಗುಲಾಬಿ ಬರುತ್ತದೆ, ಆಮೇಲೆ ನಿಧಾನವಾಗಿ ಸಂಜೆಯಾಗುತ್ತದೆ. ಇದನ್ನು ನೋಡಲು ನನಗೆ ಸಂಬಳ ಬೇರೆ ಕೊಡುತ್ತಾರೆ ಎಂದು ನೆನೆದು ಎಷ್ಟೋ ಸಲ ನಾಚಿಕೊಂಡಿದ್ದೇನೆ.

ನಮ್ಮ ಅತ್ತೆಯವರಿಗೆ ಈ ಕೆಲಸದ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಅವರು ಉಡುಪಿ ಕಡೆಯವರು. ಈರುಳ್ಳಿಯನ್ನು ಕೂಡ ಮನೆಯೊಳಗೆ ಬಿಡದವರು. ಸಾನಪಾಡಾದ ನಮ್ಮ ಮನೆಯಲ್ಲಿ ಮಗನ ಜೊತೆ ತುಳು, ನನಗೆ ತುಳು ಬಾರದ್ದರಿಂದ ನನ್ನ ಜೊತೆ ಕನ್ನಡ, ಲಿಫ್ಟಿನಲ್ಲಿ ಸಿಕ್ಕವರ ಜೊತೆ ತಮ್ಮದೇ ಒಂದು ಹಿಂದಿ. ನನ್ನ ಹಣೆಯ ಸ್ಟಿಕ್ಕರ್ ಅವರಿಗೆ ಕಣ್ಣಲ್ಲಿ ಬಿದ್ದ ಕಸ. ಅವರದ್ದೇನಿದ್ದರೂ ಕುಂಕುಮ, ಬೆರಳು ನೀರಿಗದ್ದಿ ಗುಂಡಗೆ ಇಡಬೇಕು. ಆದರೆ ಈ ಊರಿನ ಬೆವರಿಗೆ ಯಾವ ಕುಂಕುಮ ನಿಲ್ಲುತ್ತದೆ? ಹೊರಗೆ ಹೋದರೆ ಸಾಕು, ಮೂಗಿನ ಮೇಲೆ ಕೆಂಪು ಗೆರೆ. ಇಷ್ಟು ದೊಡ್ಡ ಊರಲ್ಲಿ ನಿಯತ್ತಿನ ಕುಂಕುಮ ಒಂದೂ ಇಲ್ಲ ಎಂದು ಕೊರಗುತ್ತಿದ್ದರು.

ಆ ವರ್ಷ ಆಯುಧಪೂಜೆಗೆ ಎಲ್ಲರೂ ಮನೆಯವರನ್ನು ಕರೆತರಬೇಕೆಂದು ನಮ್ಮ ಸಾಹೇಬರು ಹೇಳಿದ್ದರು. ಅತ್ತೆ ರೇಷ್ಮೆ ಸೀರೆ ಉಟ್ಟು ಬಂದರು. ಯಂತ್ರಗಳಿಗೆಲ್ಲ ಚೆಂಡುಹೂವಿನ ಮಾಲೆ ಹಾಕಿದ್ದರು. ಬಣ್ಣ ಅಳೆಯುವ ನನ್ನ ಯಂತ್ರ ಮದುಮಗನಂತೆ ಕೂತಿತ್ತು. ನಾನು ಅದನ್ನೇ ನೋಡುತ್ತ, ಇವನಿಗೆ ಹೆಣ್ಣು ಕೊಡುವುದಾದರೆ ಯಾರನ್ನು, ತಕ್ಕಡಿಯನ್ನೋ ಫ್ರಿಜ್ಜನ್ನೋ ಎಂದು ಯೋಚಿಸುತ್ತ ನಿಂತುಬಿಟ್ಟೆ. ಇತ್ತ ಹರಿವಾಣದಲ್ಲಿ ಅರಿಶಿನವಿತ್ತು, ಕುಂಕುಮವನ್ನು ಯಾರೋ ಮರೆತಿದ್ದರು. ಯಂತ್ರದ ಪಕ್ಕದಲ್ಲಿ ನಾನು ಪರೀಕ್ಷೆಗೆಂದು ತೂಗಿಟ್ಟಿದ್ದ ಪುಡಿಯ ಬಟ್ಟಲು ಅತ್ತೆಯ ಕಣ್ಣಿಗೆ ಬಿತ್ತು. ಸೊಸೆ ಎಲ್ಲ ತಯಾರಿ ಮಾಡಿಟ್ಟಿದ್ದಾಳೆ ಎಂದುಕೊಂಡರು, ಪಾಪ. ನಾನು ಮನಸ್ಸಿನಲ್ಲೇ ಯಂತ್ರದ ಮದುವೆ ಮುಗಿಸಿ ಬರುವಷ್ಟರಲ್ಲಿ ಯಂತ್ರಗಳಿಗೆ, ಸಾಹೇಬರಿಗೆ, ಸಾಹೇಬರ ಹೆಂಡತಿಗೆ ಅದನ್ನೇ ಇಟ್ಟು, ಕೊನೆಗೆ ತಾವೂ ಇಟ್ಟುಕೊಂಡಾಗಿತ್ತು. ಸಾಹೇಬರು ಹಣೆ ಮುಟ್ಟಿ, ಬೆರಳಲ್ಲಿ ತರಿತರಿಯನ್ನು ಉಜ್ಜಿ, ನನ್ನ ಮುಖ ನೋಡಿದರು. ನಾನು ಯಂತ್ರದ ಮಾಲೆ ಸರಿ ಮಾಡತೊಡಗಿದೆ.

ವಾಪಸು ಬರುವಾಗ ಅಕ್ಟೋಬರ್ ಸೆಕೆ, ಹಬ್ಬದ ರಶ್ಶು. ರೈಲಿನ ಲೇಡೀಸ್ ಡಬ್ಬಿಯಲ್ಲಿ ಎಲ್ಲರ ಹಣೆಯ ಕುಂಕುಮವೂ ಹರಿಯುತ್ತಿತ್ತು. ಅತ್ತೆಯ ಹಣೆ ಬೆವರಲ್ಲಿ ತೊಯ್ದರೂ ಕುಂಕುಮ ಮಾತ್ರ ಇದ್ದಲ್ಲೇ ಇತ್ತು. ಎಲ್ಲಿಂದ ಹರಿಯಬೇಕು, ನೀರಿಗೆ ಬಣ್ಣ ಬಿಡುವ ಜಾತಿಯಲ್ಲವಲ್ಲ ಅದು! ಎದುರಿಗಿದ್ದ ಹೆಂಗಸು ಮರಾಠಿಯಲ್ಲಿ, ಈ ಕುಂಕುಮ ಎಲ್ಲಿ ತಗೊಂಡಿರಿ ಎಂದು ಕೇಳಿಯೇಬಿಟ್ಟಳು. ಅತ್ತೆ ಸೆರಗು ಸರಿ ಮಾಡಿಕೊಂಡು ಹೇಳಿದರು: “ಮೇರಾ ಬಹೂ ಕಾ ಲ್ಯಾಬ್ ಕಾ ಹೈ.”

ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವರು ‘ನನ್ನ ಸೊಸೆ’ ಎಂದು ಹೆಮ್ಮೆಯಿಂದ ಹೇಳಿಕೊಂಡದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು. ಕಿಟಕಿಯಾಚೆ ಘನಸೋಳಿಯ ದೀಪಗಳು ಕಲಸಿಹೋದವು. ಹಣೆಯ ಮೇಲಿರುವುದು ಚರ್ಮದ ಪುಡಿ ಎಂದು ಆಗ ಹೇಗೆ ಹೇಳಲಿ, ನೀವೇ ಹೇಳಿ.

ಮನೆಗೆ ಬಂದ ಮೇಲೆ ಗೊತ್ತಾಯಿತು, ಬಟ್ಟಲಲ್ಲಿ ಉಳಿದದ್ದನ್ನೂ ಅತ್ತೆ ಕಾಗದದಲ್ಲಿ ಕಟ್ಟಿ ತಂದಿದ್ದರು. ಬೆಳಿಗ್ಗೆ ದಸರಾ ಪೂಜೆಯಲ್ಲಿ ದೇವಿಗೆ ಅದನ್ನೇ ಇಡುವುದು, ಸಂಜೆ ನಮ್ಮ ಕಟ್ಟಡದ ಸೊಸೈಟಿಯ ಹೆಂಗಸರಿಗೂ ಕೊಡುವುದು ಎಂದು ಅವರ ಲೆಕ್ಕ. ಹೇಳಿದರೆ ರೈಲಿನಲ್ಲಿ ಸಿಕ್ಕ ಹೆಮ್ಮೆ ಹೋಯಿತು. ಹೇಳದಿದ್ದರೆ ದೇವಿಯ ಹಣೆಗೇ ಚರ್ಮದ ಪುಡಿ. ಗಂಡನ ಹತ್ತಿರ ಹೇಳಿಕೊಂಡೆ. ಆತ ಬಹಳ ಯೋಚಿಸಿ, ಬೆಳಿಗ್ಗೆ ತಾನು ಕೆಳಗೆ ಹೂ ತರಲು ಹೋಗುವುದಾಗಿಯೂ ಆಗ ನಾನು ಹೇಳಿಬಿಡುವುದು ಒಳ್ಳೆಯದೆಂದೂ ಸಲಹೆ ಕೊಟ್ಟ. ಹೂ ತರಲು ಆ ದಿನ ಅವನಿಗೆ ಹಿಡಿದಷ್ಟು ಹೊತ್ತು ಯಾವತ್ತೂ ಹಿಡಿದಿಲ್ಲ.

ಅತ್ತೆ ಮಿಂದು, ಪೊಟ್ಟಣದ ಹೊಸ ಕುಂಕುಮ ಇಟ್ಟುಕೊಂಡು, ಅಡಿಗೆಗೆ ಕೂತರು. ಅಡಿಗೆಯಾದ ಮೇಲೆ ಪೂಜೆ. ನಾನು ಬಾಗಿಲಲ್ಲಿ ನಿಂತು, ಈಗ ಹೇಳುತ್ತೇನೆ, ಸಾಸಿವೆ ಸಿಡಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅವರು ಪಲ್ಯಕ್ಕೆ ಪಪ್ಪಾಯಿಕಾಯಿ ಹೆಚ್ಚುತ್ತಿದ್ದರು. ಕೈಯೆಲ್ಲ ಅದರ ಬಿಳಿ ಹಾಲು. ಸೆಕೆಗೆ ಆ ಕೈಯಲ್ಲೇ ಹಣೆ ಒರೆಸಿಕೊಂಡರು. ಅಯ್ಯೋ ದೇವರೇ ಎಂದುಕೊಂಡೆ, ಆದರೆ ಕಾಯಿಲೆ ಬಿಡಬೇಕಲ್ಲ, ನೋಡುತ್ತ ನಿಂತೆ. ಬೆಚ್ಚಗಿನ ಹಣೆ, ಪಪ್ಪಾಯಿ ಹಾಲು, ಕೆಂಪು ಪುಡಿ. ಮೊದಲು ಅನುಮಾನದಂಥ ಒಂದು ಗುಲಾಬಿ. ಪಲ್ಯ ಒಲೆ ಏರಿ ಬೇಯುವಷ್ಟರಲ್ಲಿ ಅದು ನಿಧಾನವಾಗಿ ಹುಬ್ಬಿನ ನಡುವೆ ಇಳಿದು ಮೂಗಿನ ತುದಿಗೆ ಬಂತು. ಎಂಥ ಹರಿತವಾದ ಕಾಯಿ ಎಂದು ಮನಸ್ಸು ಮೆಚ್ಚಿಕೊಂಡಿತು.

ಅತ್ತೆ ಸ್ಟೀಲ್ ತಟ್ಟೆಯಲ್ಲಿ ಮುಖ ನೋಡಿಕೊಂಡು ನಿಟ್ಟುಸಿರಿಟ್ಟರು. “ಇದೂ ಬಣ್ಣ ಬಿಡ್ತದೆ ಮಾರಾಯ್ತಿ. ನಿನ್ನ ಲ್ಯಾಬಿನದ್ದೂ ಅಷ್ಟೇ. ದೇವಿಗೆ ನಮ್ಮ ಹಳೆಯದ್ದೇ ಸಾಕು.”

ನೋಡಿ, ನಾನು ಅಲ್ಲಿಗೆ ಬದುಕಿದ್ದೆ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ದೇವಿ ಉಳಿದಳು, ಗುಟ್ಟು ಉಳಿಯಿತು. ಆದರೆ ನನ್ನ ಪುಡಿಯನ್ನು ಬಣ್ಣ ಬಿಡುವ ಪುಡಿ ಎನ್ನುವುದೇ? ಎಲ್ಲಿತ್ತೋ ಅಭಿಮಾನ, ಉಕ್ಕಿ ಬಂತು.

“ಅಲ್ರೀ ಅತ್ತಿ, ಅದು ಬಣ್ಣ ಬಿಡೂದಿಲ್ಲ. ಪಪ್ಪಾಯಿ ಹಾಲು ಚರ್ಮಾನ ಕತ್ತರಿಸಿದ್ರ ಅಷ್ಟ ಬಿಡ್ತದ.”

“ಯಾವ ಚರ್ಮ?”

ಒಲೆಯ ಮೇಲೆ ಪಲ್ಯ ಚಟಪಟ ಎನ್ನುತ್ತಿತ್ತು. ಎಲ್ಲ ಹೇಳಿದೆ. ಅತ್ತೆ ಎದ್ದು ಬಚ್ಚಲಿಗೆ ಹೋದರು. ಸೊಸೈಟಿಯ ಟ್ಯಾಂಕು ಖಾಲಿಯಾಗುವಷ್ಟು ನೀರಿನ ಸದ್ದು ಕೇಳಿಸಿತು. ಯಾವುದರ ಚರ್ಮ ಎಂದು ಅವರು ಕೇಳಲಿಲ್ಲ; ನಾನೂ, ಜೀವನದಲ್ಲಿ ಅದೊಂದು ಸಲ, ವಿವರಿಸಲು ಹೋಗಲಿಲ್ಲ. ಹೊರಗೆ ಬಂದವರು ಕಾಗದದ ಪೊಟ್ಟಣವನ್ನು ಹರಿವಾಣದಿಂದ ತೆಗೆದು ನನ್ನ ಕೈಗಿಟ್ಟರು. “ಚೆಂಡೆಗೂ ಚರ್ಮವೇ ಇರುವುದು, ದೇವಸ್ಥಾನದಲ್ಲೇ ಬಾರಿಸ್ತಾರೆ. ಆದ್ರೆ ಅದನ್ನು ಯಾರೂ ಹಣೆಗೆ ಹಚ್ಚಿಕೊಳ್ಳುವುದಿಲ್ಲ,” ಎಂದರು. ಸ್ವಲ್ಪ ಹೊತ್ತಿನ ಮೇಲೆ, ಇಷ್ಟೆಲ್ಲ ತಿಳಿದವಳು ಹಾಲು ಯಾಕೆ ಉಕ್ಕಿಸುತ್ತೀ ಎಂದೂ ಕೇಳಿದರು.

ಮರುವರ್ಷದ ಆಯುಧಪೂಜೆಗೆ ಅತ್ತೆ ತಮ್ಮ ಕುಂಕುಮದ ಡಬ್ಬಿಯನ್ನು ತಾವೇ ತಂದರು. ನನ್ನ ಸ್ಟಿಕ್ಕರ್ ಕಿತ್ತು ನನಗೂ ದೊಡ್ಡದಾಗಿ ಇಟ್ಟರು. ರೈಲಿನಲ್ಲಿ ನಮ್ಮಿಬ್ಬರ ಮೂಗಿನ ಮೇಲೂ ಕೆಂಪು ಇಳಿಯಿತು. ಪಕ್ಕದವಳು ಮುಖ ಒರೆಸಿಕೊಳ್ಳಿ ಎಂದು ಸನ್ನೆ ಮಾಡಿದಳು. ಅತ್ತೆ ನನ್ನನ್ನು ತೋರಿಸಿ, ಯಾರೂ ಕೇಳದಿದ್ದರೂ ಹೇಳಿದರು: “ಮೇರಾ ಬಹೂ ಸೈಂಟಿಸ್ಟ್ ಹೈ.”

ನಾನು ಕಿಟಕಿಯ ಕಡೆ ತಿರುಗಿ ಆ ಮಾತನ್ನೇ ಚಪ್ಪರಿಸುತ್ತ ಕೂತೆ. ನಮ್ಮ ಸ್ಟೇಷನ್ ಸಾನಪಾಡಾ ಬಂದು ಹೋಯಿತು. ವಾಶಿಯಿಂದ ವಾಪಸು ಬರುವಾಗ ಅತ್ತೆ ದಾರಿಯುದ್ದಕ್ಕೂ ಬೈದರು.